ಕೈಕೊಡದ ಪಿಸ್ತೂಲು

ಆತ್ಮರಕ್ಷಣೆಗೆಂದು ಸೊಂಟದಲ್ಲಿ ಧರಿಸುವ ಪಿಸ್ತೂಲಿಗೆ ಇರತಕ್ಕ ಗುಣಗಳನ್ನು ಎಣಿಸತೊಡಗಿದರೆ ಬಲ, ಲಾಘವ, ನಿಖರತೆ, ಸೌಂದರ್ಯ ಎಂದು ಪಟ್ಟಿ ಬೆಳೆಯುತ್ತ ಹೋದೀತು. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಒಂದೊಂದೇ ಪಿಸ್ತೂಲನ್ನು ಕೈಯಾರೆ ತಿದ್ದಿ ತೀಡಿ ಅಣಿಗೊಳಿಸುವುದನ್ನೇ ಜೀವನವೃತ್ತಿಯಾಗಿ ಕೈಕೊಂಡಿರುವ ಕುಶಲಕರ್ಮಿಗಳು ಇವೆಲ್ಲಕ್ಕೂ ಮೇಲೆ ನಿಲ್ಲಿಸುವ ಗುಣವೊಂದುಂಟು: ಬೇಕಾದ ಗಳಿಗೆಯಲ್ಲಿ ಆಯುಧವು ಕೈಕೊಡಕೂಡದು. ಪಿಸ್ತೂಲ್‌ಸ್ಮಿತ್ ಎಂದು ಆ ನಾಡಿನಲ್ಲಿ ಹೆಸರಾದ ಈ ಕಸಬುದಾರರ ವಿದ್ಯೆಯೆಲ್ಲವೂ ಈ ಒಂದು ಮಾತನ್ನು ಉಕ್ಕಿನಲ್ಲಿ ಸತ್ಯವಾಗಿಸುವ ಸಾಧನೆಯೇ ಆಗಿದೆ.

ಈ ವಿದ್ಯೆ ಬಹುಮಟ್ಟಿಗೆ ಬೆಳೆದುದು 1911 ಎಂಬ ಇಸವಿಯ ಹೆಸರನ್ನೇ ಹೊತ್ತ ಪಿಸ್ತೂಲಿನ ಸುತ್ತ. ಅದನ್ನು ರೂಪಿಸಿದ ಜಾನ್ ಮೋಸೆಸ್ ಬ್ರೌನಿಂಗ್ ಮಹಾಶಯನು 1855ರಲ್ಲಿ ಯೂಟಾ ಪ್ರಾಂತದ ಆಗ್ಡೆನ್ ಪಟ್ಟಣದಲ್ಲಿ ಬಂದೂಕು ತಯಾರಕನೊಬ್ಬನ ಮಗನಾಗಿ ಹುಟ್ಟಿ, ತಂದೆಯ ಕೆಲಸದ ಮನೆಯಲ್ಲಿಯೇ ಕಸಬನ್ನು ಕಲಿತವನು. ಫಿಲಿಪ್ಪೀನ್ಸ್ ದ್ವೀಪಗಳ ಕದನಗಳಲ್ಲಿ ತನ್ನ ಯೋಧರ ಸಣ್ಣ ವ್ಯಾಸದ ರಿವಾಲ್ವರುಗಳು ಮೇಲೆರಗಿ ಬರುವ ವೈರಿಯನ್ನು ತಡೆಯಲಾರದೆ ಹೋದುದನ್ನು ಕಂಡ ಅಮೆರಿಕದ ಸೇನೆಯು 0.45 ಅಂಗುಲದ ಗುಂಡನ್ನು ಹಾರಿಸಬಲ್ಲ ಪಿಸ್ತೂಲನ್ನು ಅಪೇಕ್ಷಿಸಿತು. 1911ರ ಮಾರ್ಚ್ ತಿಂಗಳಿನಲ್ಲಿ ನಡೆದ ಪರೀಕ್ಷೆಯಲ್ಲಿ ಬ್ರೌನಿಂಗನ ಪಿಸ್ತೂಲು, ಕಾದು ಹಿಡಿಯಲಾಗದಂತಾದಾಗ ನೀರಿನಲ್ಲಿ ಅದ್ದಿಸಿಕೊಳ್ಳುತ್ತ, 6,000 ಗುಂಡುಗಳನ್ನು ಒಮ್ಮೆಯೂ ತಡವರಿಸದೆ ಹಾರಿಸಿತು. ಅದೇ ತಿಂಗಳ 29ರಂದು ಸೇನೆಯು ಅದನ್ನು ಅಂಗೀಕರಿಸಿತು. 1985ರಲ್ಲಿ ಬೆರೆಟ್ಟಾ ಪಿಸ್ತೂಲಿಗೆ ಸ್ಥಾನ ಬಿಟ್ಟುಕೊಡುವವರೆಗೂ ಅದೇ ಆ ಸೇನೆಯ ಅಧಿಕೃತ ಪಿಸ್ತೂಲಾಗಿತ್ತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆರಳಚ್ಚು ಯಂತ್ರ ತಯಾರಿಸುತ್ತಿದ್ದ ರೆಮಿಂಗ್ಟನ್ ರ‍್ಯಾಂಡ್, ರೈಲ್ವೆ ಸಂಕೇತ ಯಂತ್ರಗಳ ಯೂನಿಯನ್ ಸ್ವಿಚ್ ಮುಂತಾದ ಕಾರ್ಖಾನೆಗಳೂ ಈ ಪಿಸ್ತೂಲನ್ನು ತಯಾರಿಸಿದವು. ಒಂದು ಕಾರ್ಖಾನೆಯ ಬಿಡಿಭಾಗವು ಮತ್ತೊಂದರ ಪಿಸ್ತೂಲಿನಲ್ಲಿ ಕೂಡಬೇಕಾದ್ದರಿಂದ ಭಾಗಭಾಗಗಳ ನಡುವೆ ಕೊಂಚ ಸಡಿಲವನ್ನು ಬಿಡುವುದು ಅನಿವಾರ್ಯವಾಯಿತು. ಅಲುಗಿಸಿದರೆ ಗಲಗಲ ಎನ್ನುತ್ತಿದ್ದ ಆ ಪಿಸ್ತೂಲುಗಳು ಕೆಸರು ಮರಳುಗಳನ್ನು ಲೆಕ್ಕಿಸದೆ ದುಡಿದರೂ ಗುರಿಯ ವಿಷಯದಲ್ಲಿ ಸಾಧಾರಣವಾಗಿದ್ದವು. ಯುದ್ಧಾನಂತರ ಓಹಾಯೋ ಪ್ರಾಂತದ ಕ್ಯಾಂಪ್ ಪೆರಿಯ ರಾಷ್ಟ್ರೀಯ ಸ್ಪರ್ಧೆಗಳಲ್ಲಿ 50 ಗಜ ದೂರದ ಗುರಿಯನ್ನು ಹೊಡೆಯಬೇಕಾಗಿದ್ದ ಸ್ಪರ್ಧಾಳುಗಳಿಗಾಗಿ, 1958ರಲ್ಲಿ ಸ್ವತಃ ರಾಷ್ಟ್ರೀಯ ವಿಜೇತನಾದ ಲೂಸಿಯಾನಾದ ಜಿಮ್ ಕ್ಲಾರ್ಕ್‌ನಂಥ ನಿಪುಣರು ಆ ಸಡಿಲವನ್ನು ಕಳೆದು, ನಳಿಗೆ ಮತ್ತು ಅದರ ಮೇಲೆ ಹಿಂದುಮುಂದಕ್ಕೆ ಸರಿಯುವ ಸ್ಲೈಡುಗಳನ್ನು ಒಂದಕ್ಕೊಂದು ಬಿಗಿಯಾಗಿ ಕೂಡಿಸುವ ಕಲೆಯನ್ನು ಬೆಳೆಸಿದರು. ಕ್ರೀಡಾಂಗಣದಲ್ಲಿ ಇದು ಸಾರ್ಥಕವೇ. ಆದರೆ ಬಿಗಿಯು ಮಿತಿಮೀರಿತೆಂದರೆ ಒಂದಿಷ್ಟು ಧೂಳು, ಬಟ್ಟೆಯ ಜುಂಗು ಸಾಕು, ಯಂತ್ರ ನಿಂತುಬಿಡುತ್ತದೆ. ಸ್ಪರ್ಧೆಯಲ್ಲಿ ಅದು ಅಂಕನಷ್ಟ, ಆತ್ಮರಕ್ಷಣೆಯಲ್ಲಿ ಪ್ರಾಣನಷ್ಟ.

ಈ ಭೇದವನ್ನು ಎತ್ತಿ ಸಾರಿದವನು ನೌಕಾಪದಾತಿ ದಳದಲ್ಲಿ ಅಧಿಕಾರಿಯಾಗಿದ್ದ ಜೆಫ್ ಕೂಪರ್. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬೆಟ್ಟದೂರುಗಳಲ್ಲಿ, ಚರ್ಮದ ಒರೆಯಿಂದ ಪಿಸ್ತೂಲನ್ನು ಸೆಳೆದು ತ್ವರಿತವಾಗಿ ಗುರಿಯಿಡುವ ಸ್ಪರ್ಧೆಗಳನ್ನು ಏರ್ಪಡಿಸಿ ಅನುಭವ ಗಳಿಸಿದ ಆತನು, 1976ರಲ್ಲಿ ಆರಿಜೋನಾದ ಪಾಲ್ಡೆನ್ ಸಮೀಪದಲ್ಲಿ, ಗನ್‌ಸೈಟ್ ಎಂಬಲ್ಲಿ, ಪಿಸ್ತೂಲುವಿದ್ಯೆಯ ಶಾಲೆಯನ್ನು ಸ್ಥಾಪಿಸಿದನು. ಆತನ ಚಿಂತನೆಗೆ ಒಪ್ಪುವ ಪಿಸ್ತೂಲುಗಳನ್ನು ಸಿದ್ಧಗೊಳಿಸಿದವರಲ್ಲಿ ಆರ್ಮಂಡ್ ಸ್ವೆನ್ಸನ್ ಅಗ್ರಗಣ್ಯನು. ಎಡಗೈ ಬಲಗೈಗಳೆರಡಕ್ಕೂ ಎಟುಕುವ ಸುರಕ್ಷಾಕೀಲವು ಆತನ ಹೆಸರಿನೊಡನೆ ಸೇರಿಹೋಗಿದೆ. ಅರ್ಕನ್ಸಾಸಿನ ಬೆರಿವಿಲ್ ಎಂಬ ಸಣ್ಣ ಊರಿನಲ್ಲಿ ಗಡಿಯಾರ ರಿಪೇರಿ ಬಲ್ಲ ಬಿಲ್ ವಿಲ್ಸನ್ 1977ರಲ್ಲಿ ತನ್ನ ಮನೆತನದ ಆಭರಣದಂಗಡಿಯ ಹಿಂಬದಿಯಲ್ಲಿ ತೆರೆದ ಕೆಲಸದ ಕೋಣೆಯೇ ಇಂದು ಪ್ರಸಿದ್ಧವಾದ ವಿಲ್ಸನ್ ಕಾಂಬ್ಯಾಟ್ ಸಂಸ್ಥೆಯಾಗಿ ಬೆಳೆದಿದೆ.

ಕುಶಲಕರ್ಮಿಯ ಶ್ರಮ ಎಲ್ಲಿ ವಿನಿಯೋಗವಾಗುತ್ತದೆಂಬುದನ್ನು ಅರಿಯಬೇಕಾದರೆ ಯಂತ್ರದ ನಡೆಯನ್ನು ತುಸು ನೋಡಬೇಕು. ಗುಂಡು ಹಾರಿದೊಡನೆ ಸ್ಲೈಡ್ ಹಿಂದಕ್ಕೆ ಸರಿಯುತ್ತದೆ. ಎಕ್ಸ್‌ಟ್ರಾಕ್ಟರ್ ಎಂಬ ಕೊಕ್ಕೆಯು ಬರಿದಾದ ಕೋಶವನ್ನು ಹಿಡಿದೆಳೆದು ತರುತ್ತದೆ. ಕೋಶವು ಹೊರಕ್ಕೆ ಚಿಮ್ಮಿದ ಮೇಲೆ, ಸ್ಪ್ರಿಂಗಿನ ಒತ್ತಡದಿಂದ ಮರಳುವ ಸ್ಲೈಡ್ ತೋಟಾಗಳನ್ನು ತುಂಬಿಟ್ಟ ಮ್ಯಾಗಜೀನಿನ ಬಾಯಿಂದ ಮುಂದಿನ ತೋಟಾವನ್ನು ತಳ್ಳಿ, ಇಳಿಜಾರೊಂದನ್ನು ಹತ್ತಿಸಿ ನಳಿಗೆಯೊಳಕ್ಕೆ ಸೇರಿಸುತ್ತದೆ. ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯುವ ಈ ಕ್ರಿಯಾಪರಂಪರೆಯಲ್ಲಿ ಎಲ್ಲಿ ಎಡವಿದರೂ ಕೆಟ್ಟಿತು. ಮೂಲ ವಿನ್ಯಾಸವು ಗುಂಡುಮೂತಿಯ ಸೇನಾ ಗುಂಡಿಗಾಗಿ ಆದುದು. ಈಚಿನ ಆತ್ಮರಕ್ಷಣೆಯ ಗುಂಡುಗಳಾದರೋ ಅಗಲ ಬಾಯಿಯವು, ಆ ಇಳಿಜಾರಿನಲ್ಲಿ ತಡೆಯುವ ಸ್ವಭಾವದವು. ಆದಕಾರಣ ಕುಶಲಕರ್ಮಿಯು ತೋಟಾ ಹಾಯುವ ದಾರಿಯನ್ನು ನಯಗೊಳಿಸುತ್ತಾನೆ; ಕೊಕ್ಕೆಯ ಹಿಡಿತವು ಬಿಗಿಯೂ ಅಲ್ಲದ ಸಡಿಲವೂ ಅಲ್ಲದ ಮಧ್ಯಸ್ಥಿತಿಗೆ ಬರುವವರೆಗೆ ಅದನ್ನು ತಿದ್ದುತ್ತಾನೆ. ಅತಿಯಾಗಿ ಉಜ್ಜಿದರೆ ತೋಟಾದ ಬುಡಕ್ಕೆ ಆಸರೆ ತಪ್ಪಿ ಅಪಾಯವೇ ಸಂಭವಿಸೀತು. ಅರವನ್ನು ಎಲ್ಲಿ ನಿಲ್ಲಿಸಬೇಕೆಂಬ ತಿಳಿವಳಿಕೆಯೇ ಈ ಕಸಬಿನ ಹೃದಯ.

ದಿನವಿಡೀ ಮೈಮೇಲೆ ಧರಿಸುವುದರಿಂದ ಹುಟ್ಟುವ ಅಗತ್ಯಗಳು ಬೇರೆ. ಬಟ್ಟೆಯನ್ನು ಹರಿಯದಂತೆ, ಕೈಯನ್ನು ತರಚದಂತೆ ಅಂಚುಗಳನ್ನೆಲ್ಲ ಮೊಂಡಾಗಿಸಬೇಕು. ಬೆವರಿನ ತುಕ್ಕಿಗೆ ಎಡೆಗೊಡದ ಲೇಪ ಬೇಕು. ನಸುಬೆಳಕಿನಲ್ಲೂ ಕಾಣುವ ಗುರಿಗುರುತುಗಳು ಬೇಕು. ಕುದುರೆಯು (ಟ್ರಿಗರ್) ನಯವಾಗಿ ಎಳೆಯಲ್ಪಡಬೇಕು, ಆದರೆ ನಡುಗುವ ಬೆರಳಿಗೆ ಅರಿವಿಲ್ಲದೆ ಸಡಿಲುವಷ್ಟು ಹಗುರವಾಗಕೂಡದು. ಉಕ್ಕಿನ ಪೂರ್ಣಗಾತ್ರದ 1911 ಸುಮಾರು 1.1 ಕಿಲೋಗ್ರಾಮ್ ತೂಗುವುದರಿಂದ ಮೋಟು ನಳಿಗೆಯ, ಅಲ್ಯೂಮಿನಿಯಮ್ ಚೌಕಟ್ಟಿನ ರೂಪಗಳಿಗೆ ಬೇಡಿಕೆಯುಂಟು. ಫ್ಲಾರಿಡಾ ಪ್ರಾಂತವು 1987ರಲ್ಲಿ ಅರ್ಹರಾದ ನಾಗರಿಕರಿಗೆಲ್ಲ ಮರೆಯಲ್ಲಿ ಆಯುಧ ಧರಿಸುವ ಪರವಾನಗಿ ಕೊಡತಕ್ಕದ್ದೆಂದು ಶಾಸನ ಮಾಡಿದ ತರುವಾಯ ಅನೇಕ ಪ್ರಾಂತಗಳು ಅದೇ ಹಾದಿ ಹಿಡಿದು, ಈ ಬೇಡಿಕೆ ಮತ್ತಷ್ಟು ಹೆಚ್ಚಿತು. ಆದರೆ ನಳಿಗೆ ಮೋಟಾದಷ್ಟೂ ಸ್ಲೈಡಿನ ಓಟ ಕಿರಿದಾಗಿ, ತೋಟಾ ಮೇಲೆದ್ದು ಬರಲು ದೊರೆಯುವ ಸಮಯವೂ ಕುಗ್ಗುತ್ತದೆ. ಹೀಗೆ ಧರಿಸಲು ಅತ್ಯಂತ ಸುಲಭವಾದ ಪಿಸ್ತೂಲೇ ನೆಚ್ಚುವಂತೆ ಮಾಡಲು ಅತ್ಯಂತ ಕಠಿನವಾದುದು. ಎಷ್ಟು ಅಂದವಾಗಿ ಕೂಡಿಬಂದರೂ, ಧರಿಸುವಾತನು ತಾನು ಬಳಸುವ ತೋಟಾ ಮತ್ತು ಮ್ಯಾಗಜೀನುಗಳಿಂದಲೇ ನೂರಾರು ಗುಂಡುಗಳನ್ನು ಹಾರಿಸಿ ನೋಡದೆ ಅದನ್ನು ನಂಬತಕ್ಕದ್ದಲ್ಲವೆಂಬುದು ಕಸಬಿನ ಹಿರಿಯರ ವಿಧಿ.

ಇಂಥ ಕೌಶಲವನ್ನು ಕ್ರಮವಾಗಿ ಕಲಿಸುವ ವಿದ್ಯಾಲಯಗಳೂ ಅಲ್ಲಿವೆ. ಕೊಲರಾಡೋದ ಟ್ರಿನಿಡಾಡ್ ಪಟ್ಟಣದ ಕಾಲೇಜಿನಲ್ಲಿ 1947ರಿಂದ ಬಂದೂಕು ಕಸಬಿನ ಶಿಕ್ಷಣ ನಡೆಯುತ್ತಿದೆ. 1959ರ ಆಯುಧ ಅಧಿನಿಯಮದ ಮೇರೆಗೆ ಆಯುಧವನ್ನು ತಯಾರಿಸುವುದಕ್ಕೂ ಇಟ್ಟುಕೊಳ್ಳುವುದಕ್ಕೂ ಲೈಸೆನ್ಸ್ ಬೇಕಾದ ನಮ್ಮ ದೇಶದಲ್ಲಿ ಈ ಕಸಬು ಅಪರಿಚಿತವಾಗಿರುವುದು ಸಹಜ. ಆ ನಾಡಿನ ಕಾನೂನನ್ನು ಒಪ್ಪುವವರಿರಲಿ ಬಿಡುವವರಿರಲಿ, ಕಸಬುದಾರನ ಧರ್ಮಪ್ರಜ್ಞೆಯನ್ನು ಮಾತ್ರ ಯಾರಾದರೂ ಗೌರವಿಸಬಹುದು. ಆಸ್ಟ್ರಿಯದ ಸೇನೆ 1982ರಲ್ಲಿ ಅಂಗೀಕರಿಸಿದ ಗ್ಲಾಕ್ ಪಿಸ್ತೂಲು, ಕೈಯಿಂದ ತಿದ್ದದೆಯೂ ನೆಚ್ಚಬಹುದಾದ ಆಯುಧ ಕಾರ್ಖಾನೆಯಿಂದಲೇ ಬರಬಹುದೆಂದು ತೋರಿಸಿಕೊಟ್ಟಿತು. ಆದರೂ ಈ ಕಸಬು ಅಳಿಯಲಿಲ್ಲ. ಈ ಕೈಗೆ, ಈ ಕಣ್ಣಿಗೆ, ಈ ದೇಹಕ್ಕೆ ಒಪ್ಪುವಂತೆ ಆಯುಧವನ್ನು ಸಿದ್ಧಗೊಳಿಸಿ, ಅದರ ನಡೆಗೆ ತನ್ನ ಹೆಸರನ್ನೇ ಜಾಮೀನಾಗಿಡುವ ಮನುಷ್ಯನೊಬ್ಬನಿದ್ದಾನೆಂಬ ಭರವಸೆಯನ್ನು, ಪ್ರಾಣವನ್ನು ಒಂದು ಯಂತ್ರಕ್ಕೆ ಒಪ್ಪಿಸಬೇಕಾದವರು ಇಂದಿಗೂ ಬೆಲೆಯುಳ್ಳದ್ದೆಂದೇ ಎಣಿಸುತ್ತಾರೆ.