ಆಂಟಾಪ್ ಹಿಲ್‌ನ ಮನೆಗನ್ನಡ: ‘ಅಲ್ಲ’–‘ಇಲ್ಲ’ಗಳ ಪ್ರಯೋಗವಿಚಾರ

ಮುಂಬಯಿಯ ವಡಾಲ ಹಾಗೂ ಸಯನ್ ಪ್ರದೇಶಗಳಿಗೆ ಸಮೀಪದಲ್ಲಿರುವ ಆಂಟಾಪ್ ಹಿಲ್‌ನಲ್ಲಿ ಕೇಂದ್ರ ಸರ್ಕಾರಿ ನೌಕರರ ದೊಡ್ಡ ವಸತಿ ಸಮುಚ್ಚಯವಿದೆ. ಇಂತಹ ಬಡಾವಣೆಯಲ್ಲಿ ಬೆಳೆಯುವ ಕನ್ನಡಿಗರ ಮಗುವಿಗೆ ಕನ್ನಡವು ಒಳಮನೆಯ ನುಡಿ. ಮೆಟ್ಟಿಲಿಳಿದೊಡನೆ ಹಿಂದಿ, ಮರಾಠಿ. ಈ ಸಂಪರ್ಕದ ಪರಿಣಾಮವನ್ನು ಎರವಲು ಶಬ್ದಗಳಲ್ಲಿ ಮಾತ್ರ ಹುಡುಕಿದರೆ ಸಾಲದು. ‘ಫೋನ್ ಮಾಡಿದೆನು’ ಎಂಬಲ್ಲಿ ನಾಮಪದ ಪರಕೀಯವಾದರೂ ಧಾತು, ಪ್ರತ್ಯಯಗಳು ಕನ್ನಡದವೇ. ಆದುದರಿಂದ ನಾವು ಇಲ್ಲಿ ನಿಷೇಧಾರ್ಥಕ ಕ್ರಿಯೆಯತ್ತ ಗಮನ ಸೆಳೆಯಬಯಸುತ್ತೇವೆ.

ಕನ್ನಡದಲ್ಲಿ ತಾದಾತ್ಮ್ಯದ ನಿಷೇಧಕ್ಕೆ ‘ಅಲ್ಲ’, ಅಸ್ತಿತ್ವದ ನಿಷೇಧಕ್ಕೆ ‘ಇಲ್ಲ’ ಎಂಬ ವ್ಯವಸ್ಥೆಯಿದೆ: ‘ಇದು ನನ್ನ ಮನೆ ಅಲ್ಲ’, ‘ನನಗೆ ಮನೆ ಇಲ್ಲ’. ಹಿಂದಿಯಲ್ಲಿ ಈ ಎರಡೂ ಕಡೆ ‘ನಹೀಂ’ ಸಲ್ಲುತ್ತದೆ. ಮರಾಠಿಯಲ್ಲಿ ತಾದಾತ್ಮ್ಯನಿಷೇಧಕ್ಕೆ ‘ನವ್ಹೇ’ ಎಂಬ ರೂಪವಿದ್ದರೂ ಇಂದಿನ ಆಡುಮಾತಿನಲ್ಲಿ ‘ನಾಹೀ’ ಎಂಬುದೇ ಎರಡಕ್ಕೂ ಸಾಮಾನ್ಯ. ಈ ಮಾದರಿಯನ್ನು ಅನುಸರಿಸಿದ ಮಗು, ಬಂದ ಹಿರಿಯರು ತನ್ನ ಅಜ್ಜನಲ್ಲವೆಂದು ತಿಳಿಸಲು ‘ನನ್ನ ಅಜ್ಜ ಇಲ್ಲ’ ಎಂದರೆ, ಊರಿನಿಂದ ಬಂದವರಿಗೆ ಅಜ್ಜ ಮನೆಯಲ್ಲಿಲ್ಲವೆಂದೋ ತೀರಿಕೊಂಡರೆಂದೋ ತೋರುವುದು. ವ್ಯತ್ಯಾಸ ಸಣ್ಣದು, ಅರ್ಥಾಂತರ ಸಣ್ಣದಲ್ಲ.

ಇಂತಹ ಮಾರ್ಪಾಡಿನ ಹಾದಿಯನ್ನು ಊಹಿಸಲು ಸಾಂಗ್ಲಿ ಜಿಲ್ಲೆಯ ಕುಪ್ವಾಡದ ನಿದರ್ಶನ ನೆರವಾಗುತ್ತದೆ. ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅಲ್ಲಿನ ಕನ್ನಡದಲ್ಲಿ ‘ಇದು ನಿಮ್ಮ ಮನೆ’ ಎಂಬಂತಹ ವಾಕ್ಯದ ಕೊನೆಗೆ, ಮರಾಠಿಯ ರೀತಿಯಲ್ಲಿ, ‘ಐತಿ’ ಸೇರುತ್ತದೆ. ಹಾಗೆ ಸೇರಿದ ಬಳಿಕ ಅದರ ನಿಷೇಧವಾಗಿ ‘ಇಲ್ಲ’ ಬರುವುದು ಸಹಜವೆಂದು ನಾವು ತರ್ಕಿಸಬಹುದು.

ಆದರೆ ಎಲ್ಲವನ್ನೂ ಮರಾಠಿ, ಹಿಂದಿಗಳ ಮೇಲೆ ಹೊರಿಸುವುದು ಯುಕ್ತವಲ್ಲ. ತಮಿಳಿನ ಆಡುಮಾತಿನಲ್ಲಿ ‘ಇಲ್ಲೈ’ ಎರಡೂ ಅರ್ಥಗಳಿಗೆ ಸಲ್ಲುತ್ತದೆ. ಸಯನ್, ಮಾಟುಂಗಾ ಸುತ್ತಮುತ್ತ ತಮಿಳರ ನೆಲೆಯೂ ಹಳೆಯದು. ಪ್ರತಿಯಾಗಿ ತುಳುವಿನಲ್ಲಿ ‘ಅತ್ತ್’, ‘ಇಜ್ಜಿ’ ಎಂಬ ಭೇದವೂ ಕೊಂಕಣಿಯಲ್ಲಿ ‘ನ್ಹಯ್’, ‘ನಾ’ ಎಂಬ ಭೇದವೂ ಉಳಿದಿವೆ. ಮನೆಯಲ್ಲಿ ತುಳುವನ್ನೂ ಆಡುವ ಕನ್ನಡದ ಮಗುವಿಗೆ ಈ ಭೇದ ಎರಡು ಕಡೆಯಿಂದ ಪುಷ್ಟಿ ಪಡೆಯುತ್ತದೆ. ಆದುದರಿಂದ ಸಂಶೋಧಕರು ಮನೆಯ ಮೂಲಪ್ರದೇಶ, ಇತರ ಮನೆನುಡಿ, ನೆರೆಯ ನುಡಿಗಳನ್ನು ಪ್ರತ್ಯೇಕವಾಗಿ ಗುರುತಿಸಿಕೊಳ್ಳಬೇಕು.

ಪ್ರಯೋಗಗಳನ್ನು ಎಣಿಸುವಾಗಲೂ ಎಚ್ಚರ ಅಗತ್ಯ. ‘ಅವರು ವೈದ್ಯರಾಗಿಲ್ಲ’ ಎಂಬುದು ಶುದ್ಧ ಕನ್ನಡವೇ. ‘ವೈದ್ಯರಲ್ಲ’ ಎಂಬುದಕ್ಕಿಂತ ಅದರ ಅರ್ಥ ಬೇರೆ. ‘ಬರಲಿಲ್ಲ’, ‘ಬರುವುದಿಲ್ಲ’ ಎಂಬ ಕ್ರಿಯಾನಿಷೇಧಗಳನ್ನು ಬೇರೆಯೇ ಇಡಬೇಕು. ‘ಇದು ನಿಮ್ಮ ಪುಸ್ತಕವೇ?’ ಎಂಬ ಪ್ರಶ್ನೆಗೆ ಬರುವ ಒಂದೇ ಪದದ ಉತ್ತರ ಅತ್ಯಂತ ಸರಳ ಪರೀಕ್ಷೆ.

ಇಂತಹ ಮಾತನ್ನು ಹಿರಿಯರು ‘ತಪ್ಪು ಕನ್ನಡ’ವೆಂದು ನಕ್ಕರೆ ಮಗು ಹಿಂದಿಗೆ ಹೊರಳಲು ಅದೊಂದು ನೆಪವಾದೀತು. ಅದರ ಬದಲು ‘ಅಲ್ಲ’ ಎಂಬ ಉತ್ತರ ಬೇಡುವ ಪ್ರಶ್ನೆಗಳನ್ನು ಮನೆಯಲ್ಲಿ ಮತ್ತೆ ಮತ್ತೆ ಕೇಳುವುದು ಮೇಲು. ಕ್ರಿಯಾವ್ಯವಸ್ಥೆಯ ವಿವರಣೆ ವಿದ್ವಾಂಸರಿಗಷ್ಟೇ ಅಲ್ಲ, ಹೊರನಾಡಿನ ಆ ಮನೆಗಳಿಗೂ ಬೇಕಾಗಿದೆಯೆಂಬುದು ನಮ್ಮ ಅಭಿಪ್ರಾಯ.