ಅಳತೆಯ ಬೆಲೆಯನ್ನು ತೆರುವವರು ಯಾರು?

ವೆಟ್‌ಸೂಟ್ ಮಾರಾಟ: ಆನ್‌ಲೈನ್ ಮಳಿಗೆ ಮತ್ತು ಸ್ಥಳೀಯ ಅಂಗಡಿಯ ಲೆಕ್ಕಾಚಾರ

ಉಡುಪಿನ ವ್ಯಾಪಾರದಲ್ಲಿ ಬಣ್ಣ ನೋಡಿ ಕೊಳ್ಳುವವರು ಕೆಲವರಾದರೆ, ಬೆಲೆ ನೋಡಿ ಕೊಳ್ಳುವವರು ಹಲವರು. ಆದರೆ ಅಳತೆ ಹೊಂದದಿದ್ದಲ್ಲಿ ಇಬ್ಬರೂ ಸರಕನ್ನು ಹಿಂದಿರುಗಿಸುತ್ತಾರೆ. ಅಂತರ್ಜಾಲದ ಮೂಲಕ ನಡೆಯುವ ವ್ಯಾಪಾರವು ಹತ್ತು ಅಂಗಡಿಗಳ ಬೆಲೆಯನ್ನು ಕ್ಷಣಮಾತ್ರದಲ್ಲಿ ಹೋಲಿಸಿ ನೋಡುವ ಅನುಕೂಲವನ್ನು ಗ್ರಾಹಕರಿಗೆ ಒದಗಿಸಿದೆ. ಅಳತೆಯನ್ನು ಹೋಲಿಸಬೇಕಾದರೆ ಮಾತ್ರ ಇಂದಿಗೂ ಸರಕನ್ನು ಮೈಮೇಲೆ ತೊಟ್ಟೇ ನೋಡಬೇಕು. ಹೀಗೆ ತೊಟ್ಟು ನೋಡುವ ಕ್ರಿಯೆಗೆ ಒಂದು ವೆಚ್ಚವಿದೆ. ಆ ವೆಚ್ಚವನ್ನು ಯಾರು ಭರಿಸಬೇಕು ಎಂಬ ಪ್ರಶ್ನೆ ಪಾದರಕ್ಷೆ, ಹೆಲ್ಮೆಟ್, ಕನ್ನಡಕದ ಫ್ರೇಮ್, ಜೀನ್ಸ್ ಮುಂತಾದ ಅನೇಕ ಸರಕುಗಳ ವರ್ತಕರನ್ನು ಕಾಡುತ್ತಿದೆ. ಈ ಪ್ರಶ್ನೆಯನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಬಲ್ಲ ಸರಕೆಂದರೆ ಸಮುದ್ರದಾಳಕ್ಕೆ ಇಳಿಯುವವರು ಧರಿಸುವ ವೆಟ್‌ಸೂಟ್.

ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದ ಕರಾವಳಿಯಿಂದ ಸುಮಾರು 19 ಕಿ.ಮೀ. ದೂರದಲ್ಲಿರುವ ನೇತ್ರಾಣಿ ದ್ವೀಪವು ಸ್ಕೂಬಾ ಡೈವಿಂಗ್ ತಾಣವೆಂದು ಹೆಸರಾದ ನಂತರ ಈ ಸರಕು ಕರ್ನಾಟಕದ ಜನರಿಗೂ ಪರಿಚಿತವಾಗಿದೆ. ಮಳೆಗಾಲದ ತಿಂಗಳುಗಳನ್ನು ಬಿಟ್ಟು ಉಳಿದ ಅವಧಿಯಲ್ಲಿ ಇಲ್ಲಿ ಡೈವಿಂಗ್ ನಡೆಯುತ್ತದೆ. ಒಂದು ದಿನದ ಮಟ್ಟಿಗೆ ಬರುವ ಪ್ರವಾಸಿಗೆ ಡೈವಿಂಗ್ ಕೇಂದ್ರದವರು ಕೊಡುವ ಸೂಟು ಸಾಕು. ತರಬೇತಿ ಪಡೆದು ಅಂಡಮಾನ್, ಲಕ್ಷದ್ವೀಪಗಳಿಗೂ ಹೋಗಿಬರುವ ಹವ್ಯಾಸಿ ತನ್ನದೇ ಸೂಟು ಬೇಕೆಂದು ಬಯಸುತ್ತಾನೆ. ಆಗ ಆತನ ಮುಂದೆ ಎರಡು ದಾರಿಗಳಿರುತ್ತವೆ: ಮನೆಯಲ್ಲೇ ಕುಳಿತು ಆನ್‌ಲೈನಿನಲ್ಲಿ ತರಿಸುವುದು ಅಥವಾ ಅಂಗಡಿಗೆ ಹೋಗಿ ತೊಟ್ಟು ನೋಡಿ ಕೊಳ್ಳುವುದು.

ಸರಕಿನ ಸ್ವರೂಪ

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ದೇಹದ ಶಾಖವನ್ನು ಸೆಳೆದುಕೊಳ್ಳುತ್ತದೆ. ಆದುದರಿಂದ ಬೆಚ್ಚಗಿನ ಸಮುದ್ರದಲ್ಲಿಯೂ ಒಂದು ಗಂಟೆ ಮುಳುಗಿದ್ದವನಿಗೆ ಚಳಿ ಹತ್ತುತ್ತದೆ. ಇದನ್ನು ತಡೆಯಲು ಬಳಸುವ ನಿಯೋಪ್ರೀನ್ ಎಂಬ ಕೃತಕ ರಬ್ಬರನ್ನು ಅಮೆರಿಕದ ಡುಪಾಂಟ್ ಕಂಪನಿಯ ವಿಜ್ಞಾನಿಗಳು 1930ರಲ್ಲಿ ಸಿದ್ಧಪಡಿಸಿದರು. ಸೂಕ್ಷ್ಮ ಗುಳ್ಳೆಗಳಿಂದ ಕೂಡಿದ ಈ ರಬ್ಬರಿನಿಂದ ಉಡುಪು ಮಾಡುವ ಕಲ್ಪನೆಯನ್ನು 1950ರ ದಶಕದ ಆರಂಭದಲ್ಲಿ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ರೂಪಿಸಿದರು. ಜ್ಯಾಕ್ ಓನೀಲ್ ಎಂಬುವರು 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಣ್ಣದೊಂದು ಅಂಗಡಿ ತೆರೆದು ಇಂತಹ ಉಡುಪುಗಳ ಮಾರಾಟವನ್ನು ಬೆಳೆಸಿದರು. ಈ ಉದ್ಯಮ ಹುಟ್ಟಿದ್ದೇ ಕಡಲ ದಂಡೆಯ ಸ್ಥಳೀಯ ಅಂಗಡಿಗಳಲ್ಲಿ ಎಂಬುದು ಗಮನಾರ್ಹ.

ವೆಟ್‌ಸೂಟ್ ನೀರನ್ನು ಪೂರ್ತಿಯಾಗಿ ಹೊರಗಿಡುವುದಿಲ್ಲ. ಒಳಸೇರಿದ ತೆಳುವಾದ ನೀರಿನ ಪದರವನ್ನು ಮೈಗೆ ಒತ್ತಿ ಹಿಡಿಯುತ್ತದೆ. ದೇಹದ ಶಾಖದಿಂದ ಆ ನೀರು ಬೆಚ್ಚಗಾಗುತ್ತದೆ. ಸೂಟು ಸಡಿಲವಾಗಿದ್ದರೆ ಪ್ರತಿ ಚಲನೆಯಲ್ಲೂ ಬೆಚ್ಚಗಿನ ನೀರು ಹೊರಹೋಗಿ ತಣ್ಣೀರು ಒಳನುಗ್ಗುತ್ತದೆ. ತೀರಾ ಬಿಗಿಯಾಗಿದ್ದರೆ ಎದೆ ಹಿಗ್ಗದೆ ಉಸಿರಾಟಕ್ಕೆ ತೊಡಕಾಗುತ್ತದೆ. ಕುತ್ತಿಗೆ ಒತ್ತಿದಂತಾಗಿ ತಲೆ ಸುತ್ತುವುದೂ ಉಂಟು. ಇತರ ಉಡುಪುಗಳಲ್ಲಿ ಅಳತೆಯ ದೋಷವೆಂದರೆ ಅಂದಗೆಡುವುದಷ್ಟೆ. ಇಲ್ಲಿ ಸರಕಿನ ಉದ್ದೇಶವೇ ಕೆಡುತ್ತದೆ, ಧರಿಸಿದವನ ಸುರಕ್ಷತೆಗೂ ಧಕ್ಕೆ ಬರುತ್ತದೆ.

ದಪ್ಪದ ಆಯ್ಕೆಯೂ ಮುಖ್ಯ. ಮಾರುಕಟ್ಟೆಯಲ್ಲಿ 3, 5 ಮತ್ತು 7 ಮಿ.ಮೀ. ದಪ್ಪದ ಸೂಟುಗಳು ಸಾಮಾನ್ಯ. ಭಾರತದ ಕರಾವಳಿಯ ಬೆಚ್ಚಗಿನ ನೀರಿಗೆ 3 ಮಿ.ಮೀ. ಸಾಮಾನ್ಯವಾಗಿ ಸಾಕಾಗುತ್ತದೆ. 10 ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈಯ ಇಮ್ಮಡಿಯಾಗುವುದರಿಂದ ರಬ್ಬರಿನ ಗುಳ್ಳೆಗಳು ಕುಗ್ಗಿ ಸೂಟು ತೆಳುವಾಗುತ್ತದೆ. ಶೀತಪ್ರದೇಶಕ್ಕೆಂದು ತಯಾರಾದ 7 ಮಿ.ಮೀ. ಸೂಟನ್ನು ರಿಯಾಯಿತಿಯ ಆಸೆಗೆ ತರಿಸಿಕೊಂಡು ಮುರ್ಡೇಶ್ವರದ ದೋಣಿಯಲ್ಲಿ ಬೆವರುವವನಿಗೆ ಈ ವಿವರವನ್ನು ಮೊದಲೇ ಹೇಳುವವರು ಬೇಕು.

ಅಂಗಡಿಯ ಅನುಕೂಲ

ಅನುಭವಿ ಮಾರಾಟಗಾರನು ಗ್ರಾಹಕನಿಗೆ ಸೂಟು ತೊಡಿಸಿ, ಬೆನ್ನಿನ ಕೆಳಭಾಗ, ಕಂಕುಳು ಮತ್ತು ತೊಡೆಸಂದಿಯಲ್ಲಿ ಪೊಳ್ಳು ಉಳಿದಿದೆಯೇ ಎಂದು ನೋಡುತ್ತಾನೆ. ಕೈಗಳನ್ನು ಮೇಲೆತ್ತಿಸಿ, ಕುಕ್ಕರಗಾಲಿನಲ್ಲಿ ಕೂರಿಸಿ, ಆಳವಾಗಿ ಉಸಿರೆಳೆಯಲು ಹೇಳುತ್ತಾನೆ. ಒಣಗಿದ್ದಾಗ ಬಿಗಿಯೆನಿಸುವ ಸೂಟು ನೀರಿನಲ್ಲಿ ತುಸು ಸಡಿಲವಾಗುವುದೆಂದು ತಿಳಿಸುತ್ತಾನೆ. ಒಂದು ಕಂಪನಿಯ ಮಧ್ಯಮ ಸೈಜು ಇನ್ನೊಂದು ಕಂಪನಿಯ ದೊಡ್ಡ ಸೈಜಿಗೆ ಸಮನಾಗಿರಬಹುದು ಎಂಬುದು ಆತನಿಗೆ ಗೊತ್ತು. ಇದಕ್ಕೆಲ್ಲ ಅರ್ಧ ಗಂಟೆ ಹಿಡಿಯುತ್ತದೆ.

ಅಂಗಡಿಯ ಇತಿಮಿತಿಗಳನ್ನೂ ಮರೆಯುವಂತಿಲ್ಲ. ಗಂಡಸರು, ಹೆಂಗಸರು, ಮಕ್ಕಳಿಗೆ ಬೇರೆ ಬೇರೆ ಮಾದರಿಯಲ್ಲಿ, ಎರಡು ಮೂರು ದಪ್ಪಗಳಲ್ಲಿ, ಆರೆಂಟು ಸೈಜುಗಳನ್ನು ಇಟ್ಟುಕೊಳ್ಳಲು ದೊಡ್ಡ ಬಂಡವಾಳ ಬೇಕು. ನಿಯೋಪ್ರೀನನ್ನು ಮಡಿಚಿ ಅಟ್ಟಿ ಹಾಕಿದರೆ ಮಡಿಕೆಯಲ್ಲಿ ಗುಳ್ಳೆಗಳು ನಲುಗುತ್ತವೆ. ಅಗಲವಾದ ಹ್ಯಾಂಗರಿನಲ್ಲಿ ತೂಗುಹಾಕಬೇಕು. ಹಾಗಾಗಿ ಸಣ್ಣ ಅಂಗಡಿಯಲ್ಲಿ ಗ್ರಾಹಕನಿಗೆ ಬೇಕಾದ ಸೈಜು ಇಲ್ಲದೆ ಹೋಗುವುದೇ ಹೆಚ್ಚು. ಆನ್‌ಲೈನ್ ಮಾರಾಟಗಾರನ ನಿಜವಾದ ಬಲ ಇರುವುದು ಇಲ್ಲಿ: ಒಂದೇ ಗೋದಾಮಿನಿಂದ ಇಡೀ ದೇಶಕ್ಕೆ ಎಲ್ಲ ಸೈಜುಗಳನ್ನೂ ಪೂರೈಸಬಲ್ಲ.

ವಾಪಸಾತಿಯ ಲೆಕ್ಕ

ಆನ್‌ಲೈನ್ ವ್ಯಾಪಾರದಲ್ಲಿ ಗ್ರಾಹಕನ ಮನೆಯೇ ಟ್ರಯಲ್ ರೂಮ್. ಅದರ ವೆಚ್ಚ ವಾಪಸಾತಿಯ ರೂಪದಲ್ಲಿ ಬರುತ್ತದೆ. ಊಹಿತ ಅಂಕಿಗಳ ಒಂದು ಉದಾಹರಣೆಯಿಂದ ಇದನ್ನು ಪರಿಶೀಲಿಸಬಹುದು.

ತೆರಿಗೆ ಹೊರತುಪಡಿಸಿ ರೂ. 6,000 ಅಸಲಿನ ಸೂಟನ್ನು ರೂ. 8,000ಕ್ಕೆ ಮಾರಲಾಗುತ್ತಿದೆ ಎಂದಿಟ್ಟುಕೊಳ್ಳೋಣ. 100 ಸೂಟುಗಳನ್ನು ಕಳುಹಿಸಿದಾಗ 25 ವಾಪಸಾದರೆ ಉಳಿದ 75ರ ಮೇಲಿನ ಒಟ್ಟು ಲಾಭಾಂಶ ರೂ. 1,50,000. ಶೇ. 15ರಂತೆ ಮಳಿಗೆಯ ಕಮಿಷನ್ ರೂ. 90,000. ತಲಾ ರೂ. 150ರಂತೆ ಕಳುಹಿಸುವ ವೆಚ್ಚ ರೂ. 15,000, ಹಿಂದೆ ತರಿಸುವ ವೆಚ್ಚ ರೂ. 3,750. ವಾಪಸಾದವುಗಳಲ್ಲಿ 5 ಸೂಟುಗಳು ಕೆಟ್ಟು ಅರ್ಧ ಅಸಲಿಗೆ ಹೋದರೆ ನಷ್ಟ ರೂ. 15,000. ಎಲ್ಲ ಕಳೆದು ಉಳಿಯುವುದು ರೂ. 26,250, ಅಂದರೆ ಮಾರಾಟವಾದ ಒಂದು ಸೂಟಿಗೆ ರೂ. 350.

ವಾಪಸಾತಿ 25ರಿಂದ 10ಕ್ಕೆ ಇಳಿದು, ಕೆಟ್ಟವು 2 ಮಾತ್ರ ಆದರೆ ಇದೇ ಲೆಕ್ಕದಲ್ಲಿ ಉಳಿಯುವುದು ರೂ. 49,500. ಬೆಲೆ ಏರಿಸದೆ, ಹೆಚ್ಚು ಸರಕು ಕಳುಹಿಸದೆ ಲಾಭವು ಬಹುತೇಕ ಇಮ್ಮಡಿಯಾಗುತ್ತದೆ. ಸರಿಯಾದ ಅಳತೆ ಪಟ್ಟಿ, ಫೋನಿನಲ್ಲಿ ಎದೆ, ಸೊಂಟ, ಎತ್ತರ ಮತ್ತು ತೂಕ ಕೇಳಿ ಸಲಹೆ ನೀಡುವ ಒಬ್ಬ ನೌಕರ, ಇವುಗಳ ಮೇಲಿನ ಖರ್ಚನ್ನು ಈ ಬೆಳಕಿನಲ್ಲಿ ನೋಡಬೇಕು.

ನಿಯೋಪ್ರೀನ್ ಉಗುರು ತಾಗಿದರೂ ಸೀಳುತ್ತದೆ. ತೊಡುವ ಅವಸರದಲ್ಲಿ ಗ್ರಾಹಕನೇ ಸೀಳಿದನೋ, ಮೊದಲೇ ಸೀಳಿತ್ತೋ ಎಂಬ ತಗಾದೆ ಸಾಮಾನ್ಯ. ಕಳುಹಿಸುವ ಮುನ್ನ ಛಾಯಾಚಿತ್ರ ತೆಗೆದಿಡುವುದು ಉತ್ತಮ. ಕೆಟ್ಟು ಬಂದ ಸರಕನ್ನು ವರ್ಷಾಂತ್ಯದ ದಾಸ್ತಾನಿನಲ್ಲಿ ಅಸಲು ಬೆಲೆಗೇ ತೋರಿಸುವುದು ತಪ್ಪು. ಅಸಲು ಅಥವಾ ಮಾರಿದರೆ ಬರುವ ನಿವ್ವಳ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ತೋರಿಸಬೇಕು.

ಅಂಗಡಿಯ ಲೆಕ್ಕ

ಇದೇ ಸೂಟನ್ನು ನೋಡಲು 100 ಮಂದಿ ಅಂಗಡಿಗೆ ಬಂದು 60 ಮಂದಿ ಕೊಂಡರೆ ಲಾಭಾಂಶ ರೂ. 1,20,000. ಕಮಿಷನ್ ಇಲ್ಲ, ಬಾಡಿಗೆ, ವಿದ್ಯುತ್ ಇತ್ಯಾದಿಗಳ ಪಾಲು ರೂ. 60,000 ಇರಲಿ. ಪ್ರತಿ ತೊಡಿಸುವಿಕೆಗೆ ಅರ್ಧ ಗಂಟೆ, ಗಂಟೆಗೆ ಸಿಬ್ಬಂದಿ ವೆಚ್ಚ ರೂ. 400 ಎಂದಾದರೆ 100 ಮಂದಿಗೆ ತಗಲುವುದು ರೂ. 20,000. ಉಳಿಯುವುದು ರೂ. 40,000. ಕೊಳ್ಳದೆ ಹೋದ 40 ಮಂದಿಯ ಮೇಲೆ ಅಂಗಡಿಯವನು ಮಾಡಿದ ಖರ್ಚು ರೂ. 8,000. ಅವರಲ್ಲಿ ಕೆಲವರು ಅಂಗಡಿಯಲ್ಲಿ ತಿಳಿದುಕೊಂಡ ಸೈಜನ್ನೇ ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ತರಿಸುತ್ತಾರೆ. ಆನ್‌ಲೈನ್ ಮಾರಾಟಗಾರನ ಅಳತೆಯ ವೆಚ್ಚವನ್ನು ಆಗ ಅಂಗಡಿಯವನೇ ತೆತ್ತಂತಾಗುತ್ತದೆ.

ಈ ದೂರು ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಚರ್ಮದ ಸರಕುಗಳ ತಯಾರಕರಾದ ಲೀಜಿನ್ ಕಂಪನಿಯ ಪ್ರಕರಣದಲ್ಲಿ 2007ರಲ್ಲಿ ನೀಡಿದ ತೀರ್ಪು, ತಯಾರಕರು ಕನಿಷ್ಠ ಮಾರಾಟ ಬೆಲೆ ಗೊತ್ತುಪಡಿಸುವುದು ತನ್ನಷ್ಟಕ್ಕೇ ಕಾನೂನುಬಾಹಿರ ಎಂಬ 1911ರಿಂದ ಬಂದ ನಿಯಮವನ್ನು ಕೈಬಿಟ್ಟಿತು. ಸೇವೆ ನೀಡುವ ಅಂಗಡಿಯ ಶ್ರಮದ ಫಲವನ್ನು ರಿಯಾಯಿತಿ ಮಾರಾಟಗಾರ ಪುಕ್ಕಟೆಯಾಗಿ ಪಡೆಯುತ್ತಾನೆ ಎಂಬ ವಾದ ಅಲ್ಲಿ ಮುಖ್ಯವಾಗಿತ್ತು. ಐವರು ನ್ಯಾಯಮೂರ್ತಿಗಳು ಪರವಾಗಿಯೂ ನಾಲ್ವರು ವಿರುದ್ಧವಾಗಿಯೂ ಅಭಿಪ್ರಾಯ ನೀಡಿದರು. ಭಾರತದಲ್ಲಿ 2002ರ ಸ್ಪರ್ಧಾ ಕಾಯಿದೆಯ 3(4)ನೇ ಕಲಮಿನ ಪ್ರಕಾರ ಮರುಮಾರಾಟದ ಬೆಲೆ ನಿಯಂತ್ರಣವು ಸ್ಪರ್ಧೆಗೆ ಗಣನೀಯ ಹಾನಿ ಉಂಟುಮಾಡಿದರೆ ಅದು ನಿಷಿದ್ಧ. ಆದುದರಿಂದ ಆನ್‌ಲೈನ್ ರಿಯಾಯಿತಿಯನ್ನು ನಿಲ್ಲಿಸಿರೆಂದು ತಯಾರಕರ ಮೇಲೆ ಒತ್ತಡ ತರುವುದು ವರ್ತಕರಿಗೆ ಸುರಕ್ಷಿತವಾದ ದಾರಿಯಾಗಲಾರದು.

ರವಿಕೆಯ ಪದ್ಧತಿ

ಪರಿಹಾರವು ಹಳೆಯ ಪೇಟೆಯ ಪದ್ಧತಿಯಲ್ಲೇ ಇದೆ. ಸೀರೆಯನ್ನು ಇಳಕಲ್ಲಿನಲ್ಲಿ ಕೊಂಡರೂ ಕಂಚಿಯಲ್ಲಿ ಕೊಂಡರೂ ರವಿಕೆಗೆ ಊರಿನ ದರ್ಜಿಯ ಬಳಿಗೇ ಬರಬೇಕು. ಅಳತೆಯ ರವಿಕೆಯನ್ನು ಕೊಟ್ಟು, ಹೊಲಿಗೆಯ ಮಜೂರಿಯನ್ನು ಪ್ರತ್ಯೇಕವಾಗಿ ತೆರುವುದಕ್ಕೆ ಯಾರೂ ಬೇಸರಪಡುವುದಿಲ್ಲ. ಸೀರೆ ಎಲ್ಲಿಯದೇ ಆಗಿರಲಿ, ದರ್ಜಿಗೆ ನಷ್ಟವಿಲ್ಲ. ಆತನು ಅಳತೆಯ ಬೆಲೆಯನ್ನು ಬಟ್ಟೆಯ ಬೆಲೆಯೊಳಗೆ ಅಡಗಿಸಿಲ್ಲ.

ವೆಟ್‌ಸೂಟ್ ಮಾರುವ ಅಂಗಡಿಯೂ ಹೀಗೆಯೇ ತೊಡಿಸಿ ನೋಡುವ ಸೇವೆಗೆ ರೂ. 200 ನಿಗದಿಪಡಿಸಿ, ಕೊಂಡವರಿಗೆ ಅದನ್ನು ಬೆಲೆಯಲ್ಲಿ ವಜಾ ಮಾಡಬಹುದು. ಮೇಲಿನ ಲೆಕ್ಕದಲ್ಲಿ ಕೊಳ್ಳದವರ ಮೇಲಿನ ರೂ. 8,000 ಅಷ್ಟೂ ಮರಳಿ ಬರುತ್ತದೆ. ಶುಲ್ಕದಿಂದಾಗಿ ಕೆಲವರು ಬಾರದೆ ಹೋಗುವರು ನಿಜ. ಅವರಲ್ಲಿ ಕೊಳ್ಳುವ ಮನಸ್ಸಿದ್ದವರು ಎಷ್ಟು ಮಂದಿ ಎಂಬುದನ್ನು ಒಂದು ಋತುವಿನ ಮಟ್ಟಿಗೆ ಪರೀಕ್ಷಿಸಿ ನೋಡಬೇಕು. ಡೈವಿಂಗ್ ಕೇಂದ್ರಗಳಿಗೆ ಇನ್ನೂ ಒಂದು ಅನುಕೂಲವಿದೆ. ಬಾಡಿಗೆಗೆ ಕೊಟ್ಟ ಸೂಟೇ ಗ್ರಾಹಕನ ಅಳತೆಯನ್ನು ನೀರಿನಲ್ಲೇ ತಿಳಿಸುತ್ತದೆ. ಅದನ್ನು ದಾಖಲಿಸಿಟ್ಟು, ಬೇಕಾದ ಸೈಜನ್ನು ಮಾತ್ರ ತರಿಸಿಕೊಟ್ಟರೆ ದಾಸ್ತಾನಿನ ಬಂಡವಾಳವೂ ಉಳಿಯುತ್ತದೆ.

ಸಣ್ಣ ತಯಾರಕರಿಗೂ ಇಲ್ಲಿ ಅವಕಾಶವಿದೆ. ವಿದೇಶಗಳಲ್ಲಿ ಅಳತೆ ಕೊಟ್ಟು ವೆಟ್‌ಸೂಟ್ ಹೊಲಿಸುವ ಪದ್ಧತಿ ಮೊದಲಿನಿಂದಲೂ ಇದೆ. ಹಾಳೆಯ ಅಂಚುಗಳನ್ನು ಅಂಟಿಸಿ, ಸೂಜಿ ಆರಪಾರು ಹಾಯದಂತೆ ಹೊಲಿಯುವ ಕೌಶಲ ಇದಕ್ಕೆ ಬೇಕು. ಭಾರತೀಯರ ಮೈಕಟ್ಟಿಗೆ ತಕ್ಕ ಅಳತೆ ಪಟ್ಟಿಯ ಅಗತ್ಯವನ್ನು ಸರ್ಕಾರವೂ ಮನಗಂಡಿದೆ. 25,000ಕ್ಕೂ ಹೆಚ್ಚು ಜನರ ಅಳತೆ ಸಂಗ್ರಹಿಸುವ ಉದ್ದೇಶದ ರಾಷ್ಟ್ರೀಯ ಸಮೀಕ್ಷೆಯನ್ನು 2018ರಲ್ಲಿ ಪ್ರಕಟಿಸಿ, ನಿಫ್ಟ್ ಸಂಸ್ಥೆಗೆ ವಹಿಸಲಾಯಿತು.

ತೆರಿಗೆ ಮತ್ತು ಕಾನೂನು: ಗಮನಿಸಬೇಕಾದ ಅಂಶಗಳು

1. ಬಟ್ಟೆಯ ಪದರವುಳ್ಳ ಸೂಟು ಉಡುಪುಗಳ ಅಧ್ಯಾಯಕ್ಕೂ, ಬರಿಯ ರಬ್ಬರಿನದು ರಬ್ಬರ್ ಸರಕುಗಳ ಅಧ್ಯಾಯಕ್ಕೂ ಸೇರಬಹುದು. ವರ್ಗೀಕರಣವನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. 2025ರ ಸೆಪ್ಟೆಂಬರ್ 22ರಿಂದ ಉಡುಪುಗಳಿಗೆ ರೂ. 2,500ರವರೆಗೆ ಶೇ. 5, ಅದಕ್ಕೂ ಮೇಲ್ಪಟ್ಟು ಶೇ. 18 ಜಿ.ಎಸ್.ಟಿ. ಅನ್ವಯವಾಗುತ್ತದೆ.

2. ವಾಪಸಾದ ಸರಕಿಗೆ ಕ್ರೆಡಿಟ್ ನೋಟ್ ನೀಡಿ ತೆರಿಗೆ ಹೊಣೆಯನ್ನು ತಗ್ಗಿಸಿಕೊಳ್ಳಲು ಮುಂದಿನ ಹಣಕಾಸು ವರ್ಷದ ನವೆಂಬರ್ 30ರವರೆಗೆ ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಅವಕಾಶವಿದೆ.

3. ಆನ್‌ಲೈನ್ ಮಳಿಗೆಗಳು ಜಿ.ಎಸ್.ಟಿ. ಕಾಯಿದೆಯಡಿ ವಾಪಸಾತಿ ಕಳೆದ ನಿವ್ವಳ ಮಾರಾಟದ ಮೇಲೆ ಟಿ.ಸಿ.ಎಸ್. ವಸೂಲು ಮಾಡುತ್ತವೆ. 2024ರ ಜುಲೈ 10ರಿಂದ ಇದರ ದರ ಶೇ. 0.5. ಈ ಮೊತ್ತ ವರ್ತಕನ ಖಾತೆಗೆ ಜಮೆಯಾಗಿದೆಯೇ ಎಂದು ಪ್ರತಿ ತಿಂಗಳೂ ತಾಳೆ ನೋಡಬೇಕು.

4. 2023ರ ಅಕ್ಟೋಬರ್ 1ರಿಂದ ರಾಜಿ ತೆರಿಗೆ ಪದ್ಧತಿಯ ವರ್ತಕರಿಗೂ ರಾಜ್ಯದೊಳಗೆ ಆನ್‌ಲೈನ್ ಮಳಿಗೆಗಳ ಮೂಲಕ ಸರಕು ಮಾರಲು ಅವಕಾಶ ದೊರೆತಿದೆ.

5. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ, ವಿವರಿಸಿದ ಗುಣಲಕ್ಷಣಗಳಿಲ್ಲದ ಸರಕನ್ನು ವಾಪಸು ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ಅಳತೆ ಪಟ್ಟಿಯೇ ತಪ್ಪಾಗಿದ್ದರೆ ಈ ನಿಯಮಕ್ಕೆ ಸಿಲುಕುವ ಸಂಭವವಿದೆ.

6. ವಿದೇಶದಿಂದ ನೇರವಾಗಿ ತರಿಸುವ ಗ್ರಾಹಕನು ಆಮದು ಸುಂಕ ಮತ್ತು ಜಿ.ಎಸ್.ಟಿ. ತೆರಬೇಕಾಗುತ್ತದೆ. ಹಿಂದಿರುಗಿಸಿದಾಗ ಸುಂಕ ಮರಳಿ ಪಡೆಯುವ ದಾರಿ ಕಾನೂನಿನಲ್ಲಿದ್ದರೂ ಒಂದೇ ಉಡುಪಿಗಾಗಿ ಅದರ ಬೆನ್ನು ಹತ್ತುವುದು ಲಾಭಕರವಲ್ಲ. ಸ್ಥಳೀಯ ವರ್ತಕನು ಈ ವ್ಯತ್ಯಾಸವನ್ನು ಗ್ರಾಹಕನಿಗೆ ಚೀಟಿಯ ಮೇಲೆ ಬರೆದು ತೋರಿಸಬಹುದು.

ಆನ್‌ಲೈನ್ ಮಾರಾಟಗಾರನು ಅಳತೆಯ ಬೆಲೆಯನ್ನು ವಾಪಸಾತಿಯಲ್ಲಿ ತೆರುತ್ತಾನೆ, ಅಂಗಡಿಯವನು ಸಿಬ್ಬಂದಿಯ ಸಮಯದಲ್ಲಿ ತೆರುತ್ತಾನೆ. ಇಬ್ಬರ ಲೆಕ್ಕಪುಸ್ತಕದಲ್ಲಿಯೂ ಈ ವೆಚ್ಚಕ್ಕೆ ಪ್ರತ್ಯೇಕ ಖಾತೆ ಇರುವುದು ವಿರಳ. ಅಳತೆಯನ್ನು ಅವಲಂಬಿಸಿದ ಯಾವುದೇ ಸರಕಿನ ವರ್ತಕರು ಬರುವ ತ್ರೈಮಾಸಿಕದಿಂದಲೇ ಇಂತಹದೊಂದು ಖಾತೆ ತೆರೆದು, ಬಂದವರೆಷ್ಟು, ತೊಟ್ಟು ನೋಡಿದವರೆಷ್ಟು, ಕೊಂಡವರೆಷ್ಟು, ವಾಪಸು ಬಂದದ್ದೆಷ್ಟು ಮತ್ತು ಯಾವ ಕಾರಣಕ್ಕೆ ಎಂಬುದನ್ನು ಬರೆದಿಡುವುದು ಒಳಿತು. ಮೂರು ತಿಂಗಳ ಅಂಕಿಗಳು ಕೈಗೆ ಬಂದ ಮೇಲೆ ಶುಲ್ಕ ವಿಧಿಸಬೇಕೇ, ಬೆಲೆ ತಗ್ಗಿಸಬೇಕೇ, ಆನ್‌ಲೈನಿಗೂ ಕಾಲಿಡಬೇಕೇ ಎಂಬ ತೀರ್ಮಾನವನ್ನು ಆ ಲೆಕ್ಕದ ಆಧಾರದ ಮೇಲೆಯೇ ಕೈಗೊಳ್ಳಬಹುದು.