ಎರವಿನ ಕ್ಯಾಮರಾದಲ್ಲಿ ಹಾಡಿನ ಚಿತ್ರೀಕರಣ

ಸ್ಥಿರಚಿತ್ರಗಳಿಗೆಂದೇ ನಿರ್ಮಿತವಾದ ಡಿಎಸ್‌ಎಲ್‌ಆರ್ ಕ್ಯಾಮರಾ ಚಲಿಸುವ ಚಿತ್ರವನ್ನೂ ಗ್ರಹಿಸತೊಡಗಿದುದು 2008ರಲ್ಲಿ. ಆ ವರ್ಷ ಮೊದಲು ನಿಕಾನ್ ಡಿ90, ಅನಂತರ ಕ್ಯಾನನ್ 5ಡಿ ಮಾರ್ಕ್ 2 ಪ್ರಕಟವಾದುವು. ಎರಡನೆಯದನ್ನು ಅದು ಮಾರುಕಟ್ಟೆಗೆ ಬರುವ ಮುನ್ನವೇ ಛಾಯಾಗ್ರಾಹಕ ವಿನ್ಸೆಂಟ್ ಲಾಫೊರೆ ಅವರು ಒಂದು ವಾರಾಂತ್ಯದ ಮಟ್ಟಿಗೆ ಎರವು ಪಡೆದು, ನ್ಯೂಯಾರ್ಕಿನಲ್ಲಿ 'ರೆವರೀ' ಎಂಬ ಕಿರುಚಿತ್ರವನ್ನು ತೆಗೆದರು. ಇಂದು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಮದುವೆಯ ಚಿತ್ರ ತೆಗೆಯುವವರ ಕೈಯಲ್ಲಿರುವುದು ಇದೇ ಕುಲದ ಯಂತ್ರ. ಅದನ್ನು ಎರಡು ದಿನಕ್ಕೆ ಕೇಳಿ ತಂದು, ತತ್ವಪದವೊಂದನ್ನೋ ಸ್ವಂತ ಹಾಡನ್ನೋ ಅಲ್ಪ ವೆಚ್ಚದಲ್ಲಿ ಚಿತ್ರಿಸಬಯಸುವವರು ಅರಿತಿರಬೇಕಾದ ಸಂಗತಿಗಳನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಕ್ಯಾಮರಾ ಅದರ ಒಡೆಯನ ಅನ್ನದ ಮಾರ್ಗವೆಂಬುದು ಮೊದಲ ಮಾತು. ಮುಹೂರ್ತಗಳು ದಟ್ಟವಾಗಿರುವ ಬೇಸಿಗೆಯಲ್ಲಿ ಅದು ದೊರೆಯಲಾರದು. ದೊರೆತರೂ ಆಗಿನ ಬಿಸಿಲು ಚಿತ್ರಣಕ್ಕೆ ಪ್ರತಿಕೂಲ. ಆಷಾಢದಲ್ಲಾದರೋ ಮದುವೆಗಳಿಲ್ಲದೆ ಕ್ಯಾಮರಾ ಬಿಡುವಾಗಿರುತ್ತದೆ. ಮೋಡದ ಬೆಳಕು ಮೃದುವಾಗಿರುತ್ತದೆ. ಮಳೆ ಬಿದ್ದಿದ್ದರೆ ಮಳಖೇಡದ ಬಳಿ ಕಾಗಿಣಾ ನದಿಯಲ್ಲಿ ನೀರೂ ಹರಿಯುತ್ತಿರುತ್ತದೆ. ಆದುದರಿಂದ ಬಡವನ ಚಿತ್ರೀಕರಣಕ್ಕೆ ಆಷಾಢವೇ ಸುಮುಹೂರ್ತ.

ಎರಡನೆಯದಾಗಿ, ಈ ಯಂತ್ರಕ್ಕೆ ಒಳ್ಳೆಯ ಕಣ್ಣುಂಟು, ಒಳ್ಳೆಯ ಕಿವಿಯಿಲ್ಲ. ಅದರೊಳಗಣ ಪುಟ್ಟ ಮೈಕು ಗಾಳಿಯನ್ನೂ ಗುಂಡಿಯ ಸದ್ದನ್ನೂ ಹಾಡಿನೊಡನೆ ಬೆರೆಸಿಬಿಡುತ್ತದೆ. ತತ್ವಪದದ ಜೀವವಿರುವುದು ಮಾತಿನಲ್ಲಿ. ಮಾತು ಕೇಳಿಸದಿದ್ದರೆ ಎಂತಹ ಸುಂದರ ಚಿತ್ರವೂ ವ್ಯರ್ಥ. ಕೈಯಲ್ಲಿರುವ ಹಣ ಮೊದಲು ಧ್ವನಿಗೆ ಸಲ್ಲಬೇಕು. ಮುಚ್ಚಿದ ಕೋಣೆಯಲ್ಲಿ, ಬೇರೆ ಮೈಕಿನಿಂದ, ಏಕತಾರಿಯೊಡನೆ ಹಾಡನ್ನು ಮುದ್ರಿಸಿಕೊಂಡು, ಅನಂತರ ಬಯಲಿನಲ್ಲಿ ಅದನ್ನೇ ನುಡಿಸುತ್ತ ಗಾಯಕನನ್ನು ಹಾಡಿಸಬೇಕು. ಆಗಲೂ ಕ್ಯಾಮರಾದ ಮೈಕನ್ನು ಮುಚ್ಚಬಾರದು: ಸಂಕಲನದಲ್ಲಿ ಚಿತ್ರವನ್ನೂ ಹಾಡನ್ನೂ ಹೊಂದಿಸಲು ಅದರ ಒರಟು ಧ್ವನಿಯೇ ಗುರುತಾಗುತ್ತದೆ.

ಇಲ್ಲಿ ಒಂದು ಸಣ್ಣ ಲೆಕ್ಕವುಂಟು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ಸೆಕೆಂಡಿಗೆ 25 ಚಿತ್ರಗಳಾದರೆ ಒಂದು ಚಿತ್ರದ ಅವಧಿಯಲ್ಲಿ ಅದು ಕ್ರಮಿಸುವ ದೂರ ಸುಮಾರು 14 ಮೀಟರು. ಶಹಾಬಾದಿನ ಕಲ್ಲುಗಣಿಯ ಆಚೆ ದಡದಲ್ಲಿ ಗಾಯಕನನ್ನು ನಿಲ್ಲಿಸಿ, ಈಚೆ ಕ್ಯಾಮರಾದ ಬಳಿ, 70 ಮೀಟರು ದೂರದಲ್ಲಿ ಧ್ವನಿವರ್ಧಕವಿಟ್ಟರೆ, ಅವನ ತುಟಿ ಐದು ಚಿತ್ರಗಳಷ್ಟು ಹಿಂದೆ ಬೀಳುತ್ತದೆ. ಧ್ವನಿವರ್ಧಕವನ್ನು ಅವನ ಕಾಲ ಬಳಿಯೇ ಮರೆಮಾಡಿ ಇಡುವುದು ಯುಕ್ತ.

ಸೆಕೆಂಡಿಗೆ 25 ಎಂಬ ಸಂಖ್ಯೆಗೂ ಕಾರಣವಿದೆ. ನಮ್ಮ ವಿದ್ಯುತ್ತು 50 ಹರ್ಟ್ಸಿನದು. ಟ್ಯೂಬ್‌ಲೈಟು ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. 25 ಚಿತ್ರಗಳನ್ನು ತಲಾ 1/50 ಸೆಕೆಂಡಿನಂತೆ ತೆಗೆದರೆ ಪ್ರತಿ ಚಿತ್ರಕ್ಕೂ ಎರಡು ಮಿನುಗು ಸಮವಾಗಿ ಒದಗಿ, ಪಟ್ಟೆಗಳು ಮೂಡುವುದಿಲ್ಲ. 5ಡಿ ಮಾರ್ಕ್ 2ರಲ್ಲಿ ಮೊದಲು 30ರ ವೇಗವೊಂದೇ ಇತ್ತು. 25ರ ವೇಗ ಬಂದುದು 2010ರ ತಂತ್ರಾಂಶದಿಂದ.

ಆದರೆ ಹಗಲಿನಲ್ಲಿ 1/50 ಸೆಕೆಂಡು ಬಹು ದೀರ್ಘ ಕಾಲ. ಐಎಸ್‌ಒ 100ರಲ್ಲಿ ಬಿಸಿಲಿಗೆ ಮಸೂರದ ದ್ವಾರವನ್ನು ಎಫ್ 22ಕ್ಕೆ ಕಿರಿದುಗೊಳಿಸಬೇಕಾಗುತ್ತದೆ. ಮುಖ ಸ್ಪಷ್ಟವಾಗಿದ್ದು ಹಿನ್ನೆಲೆ ಮಸುಕಾಗಬೇಕೆಂದು ಎಫ್ 2.8 ಬಯಸಿದರೆ ಬೆಳಕನ್ನು 64 ಪಾಲಿನಲ್ಲಿ ಒಂದಕ್ಕೆ ಇಳಿಸಬೇಕು. ಇದಕ್ಕೆ ಎನ್‌ಡಿ ಫಿಲ್ಟರೆಂಬ ಕಪ್ಪು ಗಾಜು ಬೇಕು. ಅದಿಲ್ಲದವರು ಮುಂಜಾನೆಯನ್ನೂ ಸಂಜೆಯನ್ನೂ ನೆಚ್ಚಬೇಕು. ಬಿಸಿಲಲ್ಲಿ ಶಹಾಬಾದಿನ ತಿಳಿಬೂದು ಹಾಸುಗಲ್ಲು ಹಿನ್ನೆಲೆಯಾದರೆ ಯಂತ್ರದ ಅಳತೆ ಮೋಸಹೋಗಿ ಮುಖ ಕಪ್ಪಾಗುತ್ತದೆ. ಅದೇ ಕಲ್ಲು ಕಾಲಡಿಯಲ್ಲಿದ್ದರೆ ಬೆಳಕನ್ನು ಮುಖಕ್ಕೆ ಎಸೆದು ದೀಪದ ಖರ್ಚನ್ನು ಉಳಿಸುತ್ತದೆ.

ವಾಡಿಯ ರೈಲು ಎಲ್ಲರನ್ನೂ ಸೆಳೆಯುವ ದೃಶ್ಯ. ಇಂತಹ ಕ್ಯಾಮರಾ ಚಿತ್ರವನ್ನು ಒಮ್ಮೆಲೇ ಗ್ರಹಿಸದೆ ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುವುದರಿಂದ, ಸನಿಹದಲ್ಲಿ ಅಡ್ಡ ಓಡುವ ಡಬ್ಬಿಗಳು ವಾಲಿದಂತೆ ಕಾಣುತ್ತವೆ. ದೂರದಿಂದ ತೆಗೆದರೆ ಈ ದೋಷ ತಗ್ಗುತ್ತದೆ. ನಿಲ್ದಾಣದೊಳಗಿನ ಚಿತ್ರೀಕರಣಕ್ಕೆ ರೈಲ್ವೆಯ ಅನುಮತಿ ಬೇಕು. ಚಿಂಚೋಳಿಯ ವನ್ಯಜೀವಿಧಾಮಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಪರವಾನಗಿ ಬೇಕು. ಅಂತೆಯೇ ಸಿಮೆಂಟಿನ, ಕಲ್ಲಿನ ಧೂಳಿರುವೆಡೆ ಮಸೂರವನ್ನು ಬಿಚ್ಚಲೇಬಾರದು. ಮನೆಯಿಂದ ತೊಡಿಸಿ ತಂದ ಒಂದೇ ಮಸೂರದಲ್ಲಿ ಇಡೀ ದಿನ ಮುಗಿಸಬೇಕು: ಪರರ ಸೊತ್ತಿನ ಒಳಕ್ಕೆ ಧೂಳು ಹೊಕ್ಕರೆ, ಮುಂದಿನ ಮದುವೆಯ ಚಿತ್ರಗಳ ಮೇಲೆಲ್ಲ ಅದರ ಕಲೆ ಕಾಣಿಸಿಕೊಳ್ಳುತ್ತದೆ.

ಒಟ್ಟಿನಲ್ಲಿ, ಐದೂರುಗಳನ್ನು ಸುತ್ತುವ ಆಸೆಯನ್ನು ಬಿಟ್ಟು, ಎರಡು ಎಡೆಗಳನ್ನು ಆರಿಸಿ, ಯಾವ ಸಾಲನ್ನು ಎಲ್ಲಿ ತೆಗೆಯಬೇಕೆಂದು ಮೊದಲೇ ಬರೆದುಕೊಂಡವನಿಗೆ ಎರಡು ದಿನ ಸಾಕು. ಚಿತ್ರ ಪೂರ್ಣವಾದ ಮೇಲೆ ಗಾಯಕನ ಹೆಸರು, ಊರು, ದಿನಾಂಕಗಳನ್ನು ಅದರಲ್ಲಿ ನಮೂದಿಸಿ, ಒಂದು ಪ್ರತಿಯನ್ನು ಅವನಿಗೂ ಒಪ್ಪಿಸತಕ್ಕದ್ದು. ಕ್ಯಾಮರಾವನ್ನು ಅದರ ಒಡೆಯನಿಗೆ ಒರೆಸಿ ಹಿಂದಿರುಗಿಸುವುದು ಎಷ್ಟು ಅವಶ್ಯಕವೋ, ಹಾಡನ್ನು ಹಾಡಿದವನಿಗೆ ಹಿಂದಿರುಗಿಸುವುದೂ ಅಷ್ಟೇ ಅವಶ್ಯಕ.